ಸೋರಿಕೆ ಕಾಕಾ ಕೊಂಡ ಹೀಲಿಯಂ

ನಮ್ಮ ಮನೆಗೆ ಬಂದರೆ ಅವರು ಮೊದಲು ಹೋಗುತ್ತಿದ್ದದ್ದು ಅಡುಗೆಮನೆಗೆ. "ಕೂಡ್ರಿ ಸಾಹೇಬ್ರ" ಎಂದು ಅಪ್ಪ ಕುರ್ಚಿ ಎಳೆಯುವಷ್ಟರಲ್ಲಿ ಅವರು ಪಾತ್ರೆ ತೊಳೆಯುವ ಸಾಬೂನನ್ನು ಬಟ್ಟಲಲ್ಲಿ ಕದಡಿರುತ್ತಿದ್ದರು. ಎರಡು ಬೆರಳಿಂದ ಆ ನೊರೆಯನ್ನು ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರಿಗೆ, ಪೈಪಿಗೆ, ಒಲೆಯ ತಿರುಗಣಿಗೆ ಸವರಿ, ಮೊಣಕಾಲೂರಿ ಕೂತು, ಗುಳ್ಳೆ ಏಳುತ್ತದೋ ಎಂದು ನೋಡುತ್ತಿದ್ದರು.

"ಅಣ್ಣಾರ, ಹೋದ ವಾರಾನ ನೋಡೀರಲ್ಲ," ಎನ್ನುತ್ತಿದ್ದಳು ಅವ್ವ.

"ಹೋದ ವಾರದ್ದು ಹೋದ ವಾರಕ್ಕ ಆತು ತಂಗಿ. ಸೋರಿದ್ರ ಇವತ್ತ ಸೋರ್ತದ."

ಗುಳ್ಳೆ ಏಳದೆ ಇದ್ದಾಗ ಅವರ ಮುಖದ ಮೇಲೆ ಸಣ್ಣದೊಂದು ನಿರಾಸೆ ಹಾದುಹೋಗುತ್ತಿದ್ದುದನ್ನು ನಾನು ಕಂಡಿದ್ದೇನೆ.

ಅವರ ಹೆಸರು ಇಲ್ಲಿ ಬೇಡ. ನಾಶಿಕದ ಕನ್ನಡ ಮಂದಿ ಎದುರಿಗೆ ಅವರನ್ನು ಎಂಜಿನಿಯರ್ ಸಾಹೇಬ್ರು ಎಂದೂ ಬೆನ್ನ ಹಿಂದೆ ಸೋರಿಕೆ ಕಾಕಾ ಎಂದೂ ಕರೆಯುತ್ತಿದ್ದರು. ಧಾರವಾಡದವರು. ನಾಶಿಕದ ಪಕ್ಕದ ಓಝರಿನ ವಿಮಾನ ಕಾರ್ಖಾನೆಯಲ್ಲಿ ಇಡೀ ನೌಕರಿಯನ್ನು ಒಂದೇ ಕೆಲಸದಲ್ಲಿ ಕಳೆದವರು: ಪೈಪು, ಟ್ಯಾಂಕು, ಬೆಸುಗೆ ಎಲ್ಲಿ ಸೋರುತ್ತದೆ ಎಂದು ಹುಡುಕುವುದು. ನಿವೃತ್ತಿಯ ಮೇಲೆ ನಾಶಿಕದಲ್ಲೇ ಮನೆ ಮಾಡಿಕೊಂಡು ಉಳಿದರು. ಹುಡುಕುವುದನ್ನು ಮಾತ್ರ ಬಿಡಲಿಲ್ಲ.

ಈ ಸಲದ ಮಳೆ ಹಿಡಿಯುವ ಮುಂಚೆ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಎದ್ದು ನಿಂತವರೆಲ್ಲ ಅವರನ್ನು ಮುಗ್ಧ, ನಿಷ್ಕಪಟಿ ಎಂದು ಹೊಗಳಿದರು. ನನ್ನ ಮೊದಲ ಆಕ್ಷೇಪ ಇಲ್ಲೇ ಇದೆ. ಇದೇ ಮಂದಿ ಹೋದ ವರ್ಷ, ಅವರು ಬಂದು ಕೂತರೆ, ತಮ್ಮ ತಟ್ಟೆ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋಗುತ್ತಿದ್ದರು. ಎರಡನೆಯ ಆಕ್ಷೇಪ: ಅವರು ಮುಗ್ಧರಾಗಿರಲಿಲ್ಲ. ನಾನು ಕಂಡ ಮನುಷ್ಯರಲ್ಲಿ ಅವರಷ್ಟು ಅನುಮಾನದ ಪ್ರಾಣಿ ಇನ್ನೊಬ್ಬರಿಲ್ಲ. ಆ ಅನುಮಾನದ ಮನುಷ್ಯನನ್ನೇ ನಾನು ಒಂದು ಕಾಲಕ್ಕೆ ಅನುಮಾನಿಸಿದೆ. ಅದಕ್ಕೆ ಕಾರಣಗಳಿದ್ದವು; ಅವನ್ನು ಮುಂದೆ ಇಡುತ್ತೇನೆ.

ನಾನು ಯಾರೆಂದೂ ಹೇಳಬೇಕಲ್ಲ. ಅಪ್ಪ ವಿಜಯಪುರದ ಕಡೆಯವರು, ಬ್ಯಾಂಕಿನ ಅಧಿಕಾರಿ, ವರ್ಗವಾಗಿ ಬಂದು ನಾಶಿಕದಲ್ಲಿ ನೆಲೆ ನಿಂತವರು. ನಾನು ಓದಿದ್ದು ನಾಶಿಕದಿಂದ ಮೂರು-ನಾಲ್ಕು ತಾಸು ದೂರದ ಸಂಭಾಜಿನಗರದ ಕಾಲೇಜಿನಲ್ಲಿ. ಓದಿದ್ದಕ್ಕಿಂತ ಹೆಚ್ಚು ಅಲ್ಲಿನ ಚರ್ಚಾ ತಂಡದಲ್ಲಿ ವಾದಿಸಿದ್ದು. ವಾದಿಸುವುದು ಮರಾಠಿಯಲ್ಲಿ, ಬೈಸಿಕೊಳ್ಳುವುದು ಕನ್ನಡದಲ್ಲಿ. ಕಾಕಾ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಬರ್ರಿ ವಕೀಲ್ರ" ಎನ್ನುತ್ತಿದ್ದರು. ನಾನು ವಕೀಲಳಲ್ಲ ಎಂದು ಅವರಿಗೆ ಗೊತ್ತಿತ್ತು, ಅದನ್ನು ಹೇಳಿದರೆ "ಅದಕ್ಕ ಫೀ ಕೊಡೂದಿಲ್ಲ" ಎನ್ನುವುದಕ್ಕೂ ತಯಾರಿದ್ದರು.

ರವಿವಾರ ಬೆಳಿಗ್ಗೆ ನಾಶಿಕದ ಕನ್ನಡದವರು ಕರಾವಳಿಯ ಒಂದು ಕುಟುಂಬ ನಡೆಸುವ ಹೋಟೆಲಿನ ಒಳಕೋಣೆಯಲ್ಲಿ ಕೂಡುತ್ತಿದ್ದರು. ಅರ್ಧ ಬ್ಯಾಂಕಿನವರು, ಅರ್ಧ ಓಝರಿನವರು. ಕಾಕಾ ಅಲ್ಲಿಯೂ ಫ್ಲಾಸ್ಕಿನ ಮುಚ್ಚಳ ಅಲ್ಲಾಡಿಸಿ ನೋಡುತ್ತಿದ್ದರು, ಬಿಸ್ಕಿಟ್ ಪೊಟ್ಟಣವನ್ನು ಕಿವಿಯ ಬಳಿ ಹಿಡಿದು ಒತ್ತುತ್ತಿದ್ದರು. ಯಾರದಾದರೂ ಮದುವೆ ಮುಗಿಸಿಕೊಂಡು ಬಂದರೆ ಊಟದ ಬಗ್ಗೆ ಒಂದು ಮಾತಿಲ್ಲ. "ಎಲ್ಲೋ ಸೋರ್ತದ ನೋಡ್ರಿ" ಎಂಬುದೇ ವರದಿ. ಹಾಗೆ ಅವರು ಸೋರಿಕೆ ಘೋಷಿಸಿದ ಒಂದು ಜೋಡಿ ಇವತ್ತಿಗೂ ಸುಖವಾಗಿದೆ. ಅದನ್ನು ನೆನಪಿಸಿದೆ. "ಇನ್ನೂ ಪ್ರೆಶರ್ ಏರಿಲ್ಲ ವಕೀಲ್ರ, ತಡೀರಿ," ಎಂದರು.

ಅವರು ಅನುಮಾನಿಸದೆ ಇದ್ದದ್ದು ಒಂದನ್ನೇ. ಹೀಲಿಯಂ.

ಕಾರ್ಖಾನೆಯಲ್ಲಿ ಅವರ ಕೆಲಸ ನಡೆಯುತ್ತಿದ್ದದ್ದೇ ಅದರಿಂದ. ಪರೀಕ್ಷೆಗೆ ಬಂದ ಟ್ಯಾಂಕಿನೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಹೊರಗಡೆ ಬೆಸುಗೆಯುದ್ದಕ್ಕೂ ಸಣ್ಣ ನಳಿಗೆಯಿಂದ ಹೀಲಿಯಂ ಊದುತ್ತ ಹೋಗಬೇಕು. ಕಣ್ಣಿಗೆ ಕಾಣದ ಬಿರುಕಿದ್ದರೂ ಸರಿ, ಹೀಲಿಯಂ ಅದರಲ್ಲಿ ನುಸುಳಿ ಒಳಗೆ ಹೋಗುತ್ತದೆ, ಯಂತ್ರ ಕೂಗುತ್ತದೆ. "ಬಣ್ಣಿಲ್ಲ, ವಾಸನಿಲ್ಲ, ಯಾರ ಜೋಡೀನೂ ಕೂಡೂದಿಲ್ಲ, ಸುಳ್ಳ ಹೇಳೂದಿಲ್ಲ," ಎಂದು ಕಾಕಾ ಅದನ್ನು ವರ್ಣಿಸುವಾಗ ಕನ್ಯೆ ತೋರಿಸುವವರ ದನಿ ಬರುತ್ತಿತ್ತು. ಆಸ್ಪತ್ರೆಯ ದೊಡ್ಡ ಸ್ಕ್ಯಾನ್ ಯಂತ್ರಕ್ಕೆ ಅದು ಬೇಕು, ಚಿಪ್ ಕಾರ್ಖಾನೆಗೆ ಬೇಕು, ರಾಕೆಟ್ಟಿಗೆ ಬೇಕು. ಮನುಷ್ಯರು ಮಾಡಿಕೊಳ್ಳಲು ಬರುವುದಿಲ್ಲ. ಹಳೆಯ ಕಲ್ಲಿನೊಳಗೆ ಯುರೇನಿಯಂ ಕ್ಷಯಿಸುತ್ತ ಕ್ಷಯಿಸುತ್ತ ಯುಗಗಟ್ಟಲೆ ಹುಟ್ಟಿ, ಮೇಲೆ ಗಟ್ಟಿ ಮುಚ್ಚಳದಂಥ ಪದರವಿದ್ದರೆ ಮಾತ್ರ ಅಲ್ಲಿ ನಿಂತಿರುತ್ತದೆ. ಇಲ್ಲವಾದರೆ ಆಕಾಶಕ್ಕೆ.

ಅವರ ಕೆಲಸದ ಇನ್ನೊಂದು ರೀತಿ ನನಗೆ ಇಷ್ಟವಾಗಿತ್ತು. ಯಂತ್ರ ಚಾಲೂ ಮಾಡಿದ ಕೂಡಲೇ ಅವರು ಪರೀಕ್ಷೆ ಶುರು ಮಾಡುತ್ತಿರಲಿಲ್ಲವಂತೆ. ನಾವು ಉಸಿರಾಡುವ ಗಾಳಿಯಲ್ಲೇ ಚೂರುಪಾರು ಹೀಲಿಯಂ ಇರುತ್ತದೆ. ಏನೂ ಮಾಡದೆ ಸುಮ್ಮನಿರುವಾಗ ಯಂತ್ರ ಎಷ್ಟು ತೋರಿಸುತ್ತದೋ ಅದನ್ನು ಮೊದಲು ಗುರುತು ಹಾಕಿಕೊಳ್ಳಬೇಕು, ಆಮೇಲೆ ಬಂದದ್ದರಲ್ಲಿ ಅದನ್ನು ಕಳೆಯಬೇಕು. ಅದಕ್ಕೆ ಬ್ಯಾಕ್‌ಗ್ರೌಂಡ್ ಎಂದು ಹೆಸರು. ಯಾರಾದರೂ ಒಬ್ಬರ ಮೇಲೆ ಇನ್ನೊಬ್ಬರು ಚಾಡಿ ತಂದರೆ ಕಾಕಾ ಕೇಳುತ್ತಿದ್ದದ್ದು ಒಂದೇ: "ಅಂವ ಸುಮ್ನಿದ್ದಾಗ ಹೆಂಗಿರ್ತಾನ? ಅದನ್ನ ಕಳದು ಹೇಳ್ರಿ." ಚಾಡಿಯ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತಿತ್ತು.

ಇಂಥವರು ಹೀಲಿಯಂ ಹುಡುಕುವ ಕಂಪನಿಯೊಂದರ ಷೇರು ಕೊಂಡರು.

ಸಂಭಾಜಿನಗರದ ಏಜೆಂಟನೊಬ್ಬ ಅದನ್ನು ತಂದವನು. ಕಂಪನಿಗೆ ಎಲ್ಲೋ ಹೊರದೇಶದ ಬಯಲಿನಲ್ಲಿ ನೆಲ ತೋಡುವ ಪರವಾನಗಿ ಇದೆ. ಹಿಂದೆ ಯಾರೋ ಅಲ್ಲಿ ಎಣ್ಣೆಗೆಂದು ಬಾವಿ ಕೊರೆದಾಗ ಗ್ಯಾಸಿನ ಜೊತೆ ಹೀಲಿಯಂ ಬಂದಿತ್ತಂತೆ. ಈಗ ಮಣ್ಣಿನಲ್ಲಿಯೂ ಅದರ ಸುಳಿವು ಸಿಕ್ಕಿದೆಯಂತೆ. ತೆಗೆದು ತಂದು ಸಂಭಾಜಿನಗರದ ಹತ್ತಿರದ ಬಿಡಕಿನ್ನಿನ ಹೊಸ ಕೈಗಾರಿಕಾ ಪ್ರದೇಶದಲ್ಲಿ ಸಿಲಿಂಡರಿಗೆ ತುಂಬುತ್ತಾರಂತೆ. ಕಂಪನಿ ಸ್ವಂತದ್ದೆಂದು ಒಂದು ಬಾವಿಯನ್ನೂ ಕೊರೆದಿರಲಿಲ್ಲ. ಷೇರು ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಕೈಯಿಂದ ಕೈಗೆ ಮಾರಾಟ. ಕೆಲವು ತಿಂಗಳಿಗೊಂದು ಹೊಸ ಸುತ್ತು, ಸುತ್ತಿಗೊಂದು ಏರಿದ ಬೆಲೆ. ಕಾಕಾ ಮೊದಲ ಸುತ್ತಿನಲ್ಲೇ ಕೊಂಡಿದ್ದರು. ಅದು ತಿಳಿದ ಮೇಲೆ ಬ್ಯಾಂಕಿನವರು ಒಬ್ಬೊಬ್ಬರಾಗಿ ಕೊಂಡರು. ರವಿವಾರದ ಮಾತೆಲ್ಲ ಅದೇ ಆಯಿತು.

ಆಗ ಅಪ್ಪ ನಿವೃತ್ತರಾದರು.

ಬ್ಯಾಂಕಿನ ಅಧಿಕಾರಿಯ ಮಕ್ಕಳಿಗೆ ಇದರ ಅರ್ಥ ಗೊತ್ತು. ಅಷ್ಟು ವರ್ಷ ಕ್ವಾರ್ಟರ್ಸಿನಲ್ಲಿದ್ದವರಿಗೆ ತಮ್ಮದೆನ್ನುವ ಗೋಡೆ ಇರುವುದಿಲ್ಲ. ಬಂದ ಹಣ ಒಂದು ಫ್ಲ್ಯಾಟಿಗೆಂದು ತೆಗೆದಿಟ್ಟದ್ದು. ಅಪ್ಪ ಅದನ್ನು ಮುಂದಿನ ಸುತ್ತಿನಲ್ಲಿ ಹಾಕುತ್ತೇನೆಂದರು. "ಒಂದ್ ವರ್ಷ ಬಾಡಗಿ ಮನ್ಯಾಗ ಇದ್ರ ಏನಾಗತೈತಿ? ಎರಡ್ ಕೋಣಿ ಬದ್ಲಿ ಮೂರ್ ಕೋಣಿ ಬರತಾವ." ಅವ್ವ ಚಪಾತಿ ಲಟ್ಟಿಸುತ್ತ, "ಮೊದ್ಲ ಎರಡ್ ಬರಲಿ," ಎಂದಳು. ನಾನು ಅಷ್ಟಕ್ಕೆ ಬಿಡಲಿಲ್ಲ.

ಕಂಪನಿ ಕಳಿಸಿದ ಸ್ಲೈಡುಗಳನ್ನು ಫೋನಿನಲ್ಲಿ ಇಟ್ಟುಕೊಂಡು ರವಿವಾರ ಹೋಟೆಲಿಗೆ ಹೋದೆ. ಎಲ್ಲರ ಮುಂದೆ ಕಾಕಾನನ್ನೇ ಹಿಡಿದೆ.

"ಕಾಕಾ, ಎರಡನೇ ಸ್ಲೈಡಿನ್ಯಾಗ 'ಇಷ್ಟು ಹೀಲಿಯಂ ಇದ್ದರೆ' ಅಂತ ಅದ. ಐದನೇದ್ರಾಗ ಆ 'ಇದ್ದರೆ' ಎಲ್ಲಿ ಹೋತು?"

"ಯಾವ 'ಇದ್ದರೆ'?"

"ನೆಲ ಇಷ್ಟು ಅಗಲ, ಅದ್ರಾಗ ಗ್ಯಾಸ್ ಇಷ್ಟಿದ್ದರೆ, ಅದ್ರಾಗ ಹೀಲಿಯಂ ಇಷ್ಟಿದ್ದರೆ, ಇವತ್ತಿನ ದರಕ್ಕ ಗುಣಿಸಿದರೆ ಇಷ್ಟು ಕೋಟಿ. ಅದರ ಮುಂದ ಷೇರಿನ ಬೆಲೆ ಇಟ್ಟು, ನೋಡ್ರಿ ಎಷ್ಟು ಅಗ್ಗ ಅಂತಾರ. ಸಿಗದೆ ಹೋಗೋ ಸಾಧ್ಯತೆ ಎಷ್ಟು ಅನ್ನೂದನ್ನ ಯಾರೂ ಗುಣಿಸಿಲ್ಲ. ಹೀಲಿಯಂ ಅಪರೂಪ ಅನ್ನೂದು ಒಂದು ಮಾತು. ಅದು ಇವರ ನೆಲದಾಗ ಅದ ಅನ್ನೂದು ಎರಡನೇ ಮಾತು. ಇದ್ರೂ ಈ ಬೆಲೆಗೆ ಷೇರು ಅಗ್ಗ ಅನ್ನೂದು ಮೂರನೇದು. ನೀವು ಮೊದಲನೇದನ್ನ ಸಿದ್ಧ ಮಾಡಿ ಮೂರನೇದಕ್ಕ ಚಪ್ಪಾಳಿ ತಗೊಳ್ಳಿಕತ್ತೀರಿ."

ಕಾಕಾ ನನ್ನ ತಟ್ಟೆಯ ಕಡೆ ಬೆರಳು ತೋರಿಸಿದರು. "ವಕೀಲ್ರ, ಉಪ್ಪಿಟ್ಟು ಆರ್ತದ."

ಒಳಕೋಣೆ ನಕ್ಕಿತು. ಚರ್ಚೆಯಲ್ಲಿ ಇದಕ್ಕೆ ಅಂಕ ಇಲ್ಲ. ಜೀವನದಲ್ಲಿ ಇದಕ್ಕೇ ಅಂಕ ಜಾಸ್ತಿ. ಅಪ್ಪನೂ ನಕ್ಕರು. ಕಾಕಾ ಮಾತ್ರ ಬೇಗ ಎದ್ದು ಹೋದರು.

ಆಮೇಲಿನ ವಾರ ಏಜೆಂಟ ನಮ್ಮ ಮನೆಗೇ ಬಂದ. ಅವ್ವನ ಅವಲಕ್ಕಿಯನ್ನು ಹೊಗಳಿದ, ಅಪ್ಪನನ್ನು ಸಾಹೇಬ್ ಎಂದ, ಸಂಭಾಜಿನಗರದಲ್ಲಿ ಕಂಪನಿಯ ಸಭೆ ಇದೆ, ಬಂದು ಕಣ್ಣಾರೆ ನೋಡಿ ಚೆಕ್ ಕೊಡಿ ಎಂದ. ಹಳಬರು ಷೇರು ಮಾರಿ ಹೊರಗೆ ಹೋಗಬೇಕೆಂದರೆ ಏನು ದಾರಿ ಎಂದು ನಾನು ಕೇಳಿದೆ. ಸುಲಭ, ಎಂದ ಅವನು: ಹೊರಗೆ ಹೋಗುವವರು ತಮ್ಮ ಗಿರಾಕಿಯನ್ನು ತಾವೇ ಕರೆತರಬೇಕು, ಅವರ ಷೇರು ಇವರ ಹೆಸರಿಗೆ, ಇವರ ಹಣ ಅವರ ಕೈಗೆ. ಕಂಪನಿಗೆ ಏನೂ ತೊಂದರೆ ಇಲ್ಲ.

ಅವನು ಹೋಗಿ ಎರಡು ದಿನಕ್ಕೆ ಕಾಕಾ ಬಂದರು. ಸಾಬೂನಿನ ಶಾಸ್ತ್ರ ಮುಗಿಸಿ ಅಪ್ಪನಿಗೆ ಹೇಳಿದರು: "ಸಾಹೇಬ್ರ, ಸಭಾಕ್ಕ ಬಸ್ಸಿಗೆ ಯಾಕ್ ಹೋಗ್ತೀರಿ? ನನ್ನ ಗಾಡಿ ಅದ. ನಾನ ಕರ್ಕೊಂಡು ಹೋಗ್ತೀನಿ."

ಕೇಳಿದಿರಲ್ಲ. ಅಷ್ಟು ವರ್ಷದಲ್ಲಿ ಅವರು ಯಾರನ್ನಾದರೂ ಗಾಡಿಯಲ್ಲಿ ಕೂರಿಸಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಮಳೆಯಲ್ಲಿ ನೆನೆಯುತ್ತ ನಿಂತ ಅಪ್ಪನ ಪಕ್ಕದಿಂದ ಗಾಜು ಏರಿಸಿಕೊಂಡು ಹೋದ ಮನುಷ್ಯ ಅವರು. ಸೀಟು ಹಸಿಯಾಗುತ್ತದೆಂದು ಮರುದಿನ ತಾವೇ ಕಾರಣ ಹೇಳಿದ್ದರು. ಈಗ ಪೆಟ್ರೋಲು ತಮ್ಮದು ಹಾಕಿ ನಮ್ಮ ಅಪ್ಪನನ್ನು ಚೆಕ್‌ಬುಕ್ ಸಮೇತ ಕರೆದೊಯ್ಯುತ್ತಾರಂತೆ. ನಾನು ಲೆಕ್ಕ ಕೂಡಿಸಿದೆ. ಕಾಕಾಗೆ ಹೊರಬರಬೇಕಾಗಿದೆ. ಹೊರಬರಲು ಗಿರಾಕಿ ಬೇಕು. ಗಿರಾಕಿ ನಮ್ಮ ಮನೆಯಲ್ಲಿದ್ದಾರೆ.

"ನಾನೂ ಬರ್ತೀನಿ, ಕಾಲೇಜಿನ ಮಂದೀನ ನೋಡೂದದ," ಎಂದೆ.

"ಬರ್ರಿ," ಎಂದರು ಕಾಕಾ. ಖುಷಿಯಾದಂತೆ ಕಾಣಲಿಲ್ಲ.

ಅಪ್ಪ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಅರ್ಧ ದಾರಿಯ ಯೇವಲಾ ದಾಟುವ ತನಕ ಅವರಿಬ್ಬರದೂ ಒಂದೇ ರಾಗ: ಎಂಜಿನಿಯರ್ ಸಾಹೇಬ್ರ ಹೀಂಗ, ಮ್ಯಾನೇಜರ್ ಸಾಹೇಬ್ರ ಹಾಂಗ. ನಮ್ಮ ಈ ಹೊರನಾಡ ಕನ್ನಡದವರ ಸಭ್ಯತೆ ಒಂದು ವಿಚಿತ್ರ. ಒಬ್ಬರ ಇಲಾಖೆಯಲ್ಲಿ ಇನ್ನೊಬ್ಬರು ಕೈ ಹಾಕುವುದಿಲ್ಲ. ಬ್ಯಾಂಕಿನವರ ಎದುರು ಎಂಜಿನಿಯರರು ಬಡ್ಡಿಯ ಬಗ್ಗೆ ಮಾತಾಡುವುದಿಲ್ಲ, ಎಂಜಿನಿಯರರ ಎದುರು ಬ್ಯಾಂಕಿನವರು ನಟ್ಟು ಬೋಲ್ಟಿನ ಬಗ್ಗೆ ಮಾತಾಡುವುದಿಲ್ಲ. ಕೇಳಿದರೆ ಅವಮಾನ ಮಾಡಿದಂತೆ. ನನಗೆ ಆ ಸಭ್ಯತೆ ಇಲ್ಲ.

"ಅಪ್ಪಾ, ಕಂಪನಿ ಬ್ಯಾಲನ್ಸ್ ಶೀಟ್ ನೋಡೀರೇನು?"

"ಇದು ಗ್ಯಾಸಿನ ಧಂದೆ ಐತಿ. ಶೀಟಿನ್ಯಾಗ ಏನ್ ಇರತೈತಿ? ಸಾಹೇಬ್ರು ಎಲ್ಲಾ ನೋಡ್ಯಾರಲ್ಲ."

ಕಾಕಾ ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. "ಏನ್ ನೋಡೀನಿ?"

"ಎಲ್ಲಾ. ಹೀಲಿಯಂ ಐತಿ ಇಲ್ಲ ಅನ್ನೂದು."

"ನಾ ಎಲ್ಲಿ ನೋಡೀನ್ರಿ? ನಾ ಆ ದೇಶಕ್ಕ ಹೋಗೀನೇನು? ಹೀಲಿಯಂ ಹೆಂಥಾದ್ದು ಅನ್ನೂದಷ್ಟ ನನಗ ಗೊತ್ತು. ಕಂಪನಿ ಹೆಂಥಾದ್ದು ಅಂತ ನೀವು ನೋಡೀರಲ್ಲ. ಬ್ಯಾಂಕಿನ ಮಂದಿ ಅಷ್ಟ್ ಜನ ತಗೊಂಡೀರಿ."

"ನಾವು ನಿಮ್ಮನ್ನ ನೋಡಿ ತಗೊಂಡೀವಿ."

ಗಾಡಿ ನಿಧಾನವಾಯಿತು. ಹಿಂದಿನ ಲಾರಿ ಹಾರ್ನ್ ಹೊಡೆದು ದಾಟಿಕೊಂಡು ಹೋಯಿತು. ನಾನು ಚರ್ಚಾ ಸ್ಪರ್ಧೆಗಳಲ್ಲಿ ಎಷ್ಟೋ ಎದುರಾಳಿಗಳ ವಾದ ಕುಸಿದದ್ದನ್ನು ನೋಡಿದ್ದೇನೆ. ಇಬ್ಬರು ವಯಸ್ಸಾದವರ ಮಧ್ಯೆ, ಗೇರ್ ಬಾಕ್ಸಿನ ಮೇಲೆ, ಒಂದು ಕೋಟೆ ಸದ್ದಿಲ್ಲದೆ ಕುಸಿದದ್ದನ್ನು ಅವತ್ತೇ ನೋಡಿದ್ದು. ಬ್ಯಾಂಕಿನವರು ನೋಡಿದ್ದಾರೆಂದು ಎಂಜಿನಿಯರ್, ಎಂಜಿನಿಯರ್ ನೋಡಿದ್ದಾರೆಂದು ಬ್ಯಾಂಕಿನವರು. ಯಾರೂ ನೋಡಿರಲಿಲ್ಲ. ಅಪ್ಪ ಮಾತ್ರ ಕುಸಿದದ್ದನ್ನು ಗಮನಿಸಲಿಲ್ಲ. "ಅಂದ್ರೂ ನಿಮಗ ಗೊತ್ತಿಲ್ದ ತಗೋತೀರೇನು ನೀವು," ಎಂದು ನಕ್ಕು, ವೈಜಾಪುರದಲ್ಲಿ ಚಹಾಕ್ಕೆ ನಿಲ್ಲಿಸೋಣ ಎಂದರು. ನಿಲ್ಲಿಸಿದೆವು. ಕಾಕಾ ಗ್ಲಾಸು ಹಿಡಿದುಕೊಂಡೇ ನಿಂತರು, ಕುಡಿಯಲಿಲ್ಲ.

ಸಂಭಾಜಿನಗರದ ಹೋಟೆಲಿನ ಬಾಗಿಲಲ್ಲೇ ಏಜೆಂಟ ಕಾದಿದ್ದ. ಅಪ್ಪ ಕೈ ತೊಳೆಯಲು ಹೋದರು. ನಾನು ಫೋನು ನೋಡುತ್ತಿರುವಂತೆ ನಿಂತಿದ್ದೆ. ಏಜೆಂಟ ಕಾಕಾನ ಹತ್ತಿರ ಬಾಗಿ, "ಕಾಕಾ, ಪಾರ್ಟಿ ಆಣಲೀ ನಾ?" ಎಂದ. ಗಿರಾಕಿಯನ್ನು ತಂದಿರಲ್ಲ, ಎಂದು. ಕಾಕಾ ನನ್ನ ಕಡೆ ಒಮ್ಮೆ ನೋಡಿ, "ನಂತರ ಬೋಲೂ," ಎಂದರು. ಆಮೇಲೆ ಮಾತಾಡೋಣ.

ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿದ್ದರೆ ಹೇಳಿ. ನಾನಂತೂ ನಿಶ್ಚಯ ಮಾಡಿಕೊಂಡೆ: ಅಪ್ಪ ಚೆಕ್ ಬರೆಯಲು ಕೂತ ಕ್ಷಣ ಎಲ್ಲರೆದುರು ಇದನ್ನು ಹೇಳುವುದು.

ಸಭಾಂಗಣದಲ್ಲಿ ಕೋಟು ತೊಟ್ಟ ಹುಡುಗನೊಬ್ಬ ಪರದೆಯ ಮೇಲೆ ಕಂಪನಿಯ ಮೌಲ್ಯಮಾಪನ ತೋರಿಸಿದ. ಬೇರೆ ದೇಶದಲ್ಲಿ ಇಂಥದೇ ಕಂಪನಿಯ ಒಟ್ಟು ಬೆಲೆ ಇಷ್ಟು, ಅದರ ನೆಲ ಇಷ್ಟು. ಎಕರೆಗೆ ಭಾಗಿಸಿದರೆ ಇಷ್ಟು. ನಮ್ಮ ನೆಲ ಅದಕ್ಕಿಂತ ದೊಡ್ಡದು; ಅದೇ ದರಕ್ಕೆ ಗುಣಿಸಿದರೆ ನಾವು ಎಲ್ಲಿರಬೇಕು, ಎಲ್ಲಿದ್ದೇವೆ ನೋಡಿ. ಆ ಕಂಪನಿ ಬಾವಿ ಕೊರೆದು ಗ್ಯಾಸು ಹೊರತಂದಿತ್ತು, ಇವರ ಹತ್ತಿರ ಇದ್ದದ್ದು ನಕ್ಷೆ, ಎಂಬುದು ಸ್ಲೈಡಿನ ಕೆಳಗೆ ಇರುವೆಯಂಥ ಅಕ್ಷರದಲ್ಲಿತ್ತು. ಮುಂದಿನ ಸುತ್ತಿನ ಬೆಲೆಯನ್ನು ಹಸಿರು ಅಕ್ಷರದಲ್ಲಿ ದೊಡ್ಡದಾಗಿ ಬರೆದಿದ್ದರು. ನಾಶಿಕದಿಂದ ಬಂದ ನಮ್ಮವರು ಅದನ್ನು ಫೋಟೋ ತೆಗೆದುಕೊಂಡರು.

ನಾನು ಕೈ ಎತ್ತುವ ಮೊದಲೇ ಕಾಕಾ ಎದ್ದು ನಿಂತಿದ್ದರು. ಅವರ ಹಿಂದಿ ಧಾರವಾಡದಲ್ಲಿ ಹುಟ್ಟಿ ಓಝರಿನಲ್ಲಿ ಬೆಳೆದದ್ದು. "ಮಿಟ್ಟೀ ಮೇ ಹೀಲಿಯಂ ಮಿಲಾ ಬೋಲತೇ. ಬ್ಯಾಕ್‌ಗ್ರೌಂಡ್ ಘಟಾಕೇ ದಿಖಾಯಾ, ಕಿ ವೈಸಾ ಹೀ?"

ಗಾಳಿಯಲ್ಲಿ ಹೇಗೂ ಇರುವ ಹೀಲಿಯಂ ಅನ್ನು ಕಳೆದು ತೋರಿಸಿದ್ದೀರೋ, ಸೇರಿಸಿ ತೋರಿಸಿದ್ದೀರೋ. ಅಷ್ಟೇ ಪ್ರಶ್ನೆ.

"ಬಹುತ್ ಅಚ್ಛಾ ಸವಾಲ್ ಹೈ, ಅಂಕಲ್‌ಜೀ," ಎಂದ ಹುಡುಗ. ತಾಂತ್ರಿಕ ವಿವರವೆಲ್ಲ ಮುಂದಿನ ಸುತ್ತಿನಲ್ಲಿ ಕೊಡುತ್ತೇವೆ, ಎಂದ.

"ಅಗಲೇ ರೌಂಡ್ ಕಾ ಭಾವ್ ತೋ ಆಜ್ ಹೀ ಲಿಖ್ ದಿಯಾ," ಎಂದರು ಕಾಕಾ, ಹಸಿರು ಅಕ್ಷರ ತೋರಿಸಿ. ಮುಂದಿನ ಸುತ್ತಿನ ಬೆಲೆಯನ್ನಾದರೆ ಇವತ್ತೇ ಬರೆದುಬಿಟ್ಟಿದ್ದೀರಲ್ಲ, ಎಂದು.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಮ್ಮವರು ನಗಲಿಲ್ಲ. ಈಗಾಗಲೇ ಕೊಂಡವರು ನಗುವ ಪ್ರಶ್ನೆ ಅದಾಗಿರಲಿಲ್ಲ. ಒಬ್ಬರಂತೂ, "ಇವರಿಗೇನ್ ಆತು, ನಮ್ಮ ಬೆಲೆ ನಾವ ಇಳಿಸ್ಕೊಳ್ಳೂದೇನು," ಎಂದು ಕೇಳಿಸುವಂತೆಯೇ ಗೊಣಗಿದರು. ಕಾಕಾ ಕೂತರು. ಮಾತು ಮುಗಿದು, ಗೋಡೆಯ ಪಕ್ಕದ ಟೇಬಲ್ಲಿನಲ್ಲಿ ಅರ್ಜಿ ಹಂಚಲು ಶುರು ಮಾಡಿದರು. ಅಪ್ಪ ಒಳಜೇಬಿಗೆ ಕೈ ಹಾಕಿದರು.

ಕಾಕಾ ಅಪ್ಪನ ಮಣಿಕಟ್ಟು ಹಿಡಿದುಕೊಂಡರು.

"ಸಾಹೇಬ್ರ, ಅದನ್ನ ಒಳಗಿಡ್ರಿ."

"ಯಾಕ್ರಿ?"

"ಇವತ್ತ ಬ್ಯಾಡ."

"ನೀವ್ ತಗೊಂಡೀರಿ, ನನಗ ಬ್ಯಾಡಂತೀರಿ?"

"ನಾ ತಗೊಂಡೀನಿ. ಅದಕ್ಕ ಹೇಳ್ಲಿಕತ್ತೀನಿ."

ಏಜೆಂಟ ಕಾಗದ ಹಿಡಿದುಕೊಂಡು ಓಡಿ ಬಂದ. ಕಾಕಾ, ನಿಮ್ಮ ಕೆಲಸ? ಎಂದು ಮರಾಠಿಯಲ್ಲಿ ಕೇಳಿದ. "ಮಾ‌ಝಂ ಕಾಹೀ ಕಾಮ್ ನವ್ಹತಂ," ಎಂದರು ಕಾಕಾ. ನನ್ನದೇನೂ ಕೆಲಸ ಇರಲಿಲ್ಲ. ಗಾಡಿಯ ಕೀಲಿ ತೆಗೆದು ಹೊರಗೆ ನಡೆದರು. ನಾನು ಕಟ್ಟಿಕೊಂಡು ಬಂದ ಭಾಷಣ ನನ್ನ ಬಾಯಲ್ಲೇ ಉಳಿಯಿತು. ಇಳಿಬಿಸಿಲಿನಲ್ಲಿ, ಮತ್ತೆ ಅಪ್ಪ ಮುಂದೆ, ನಾನು ಹಿಂದೆ ಕೂತು ನಾಶಿಕಕ್ಕೆ ವಾಪಸಾದೆವು.

ಅಪ್ಪ ಇದನ್ನು ಉಪಕಾರವೆಂದು ತಿಳಿಯಲಿಲ್ಲ. "ತಾ ಉಂಡ ಮ್ಯಾಲ ಪಂಕ್ತಿ ಮುಗೀತು ಅಂದಂಗಾತು," ಎಂದರು ಮನೆಗೆ ಬಂದು. ಆ ಸುತ್ತು ಅವರಿಲ್ಲದೆ ಮುಗಿಯಿತು. ಎರಡು ಕೋಣೆಯ ಫ್ಲ್ಯಾಟು ಕೊಂಡರು. ಕಂಪನಿ ಮುಂದಿನ ಬೆಲೆ ಏರಿಸಿದ ಸುದ್ದಿ ಬಂದಾಗಲೆಲ್ಲ ಅಪ್ಪ ಇಲ್ಲದ ಮೂರನೆಯ ಕೋಣೆಯ ಕಡೆ ನೋಡುತ್ತಿದ್ದರು. ಕಾಕಾ ಹೊಸ ಮನೆಯ ಗ್ಯಾಸು ನೋಡಲು ಬಂದರು. ಅಪ್ಪ ಪೇಪರು ಹಿಡಿದುಕೊಂಡೇ ಕೂತಿದ್ದರು, ಕುರ್ಚಿ ಎಳೆಯಲಿಲ್ಲ. ರವಿವಾರದ ಕೋಣೆಯಲ್ಲಿ ತಟ್ಟೆಗಳು ಬೇರೆ ಟೇಬಲ್ಲಿಗೆ ಹೋಗಲು ಶುರುವಾದದ್ದೂ ಆಗಲೇ. ಸಭೆಯಲ್ಲಿ ಬಾಯಿ ಬಿಟ್ಟು ಎಲ್ಲರ ಬೆಲೆ ಕೆಡಿಸಿದರು ಎಂಬುದು ಆರೋಪ. ಕಂಪನಿ ಬಾವಿ ಮಾತ್ರ ಇವತ್ತಿನ ತನಕ ಕೊರೆದಿಲ್ಲ. ಸ್ಲೈಡು ಕಳಿಸುತ್ತಲೇ ಇದೆ.

ನಾನು ಎರಡೂ ಪಕ್ಷ ಹಿಡಿದು ನೋಡಿದೆ. ಅವರಿಗೆ ಕಂಪನಿಯ ಮೇಲೆ ಇನ್ನೂ ನಂಬಿಕೆ ಇತ್ತು, ಷೇರು ಬಿಡಲು ಕೊನೆಗೆ ಮನಸ್ಸಾಗಲಿಲ್ಲ ಎನ್ನೋಣವೇ? ಹಾಗಾದರೆ ಆ ಪ್ರಶ್ನೆ ಯಾಕೆ ಕೇಳಿದರು? ನಂಬಿಕೆ ಹೋಗಿತ್ತು ಎನ್ನೋಣವೇ? ಹಾಗಾದರೆ ಯಾಕೆ ಇಟ್ಟುಕೊಂಡರು? ಬರೀ ಒಳ್ಳೆಯತನ ಎಂಬ ವಾದವನ್ನು ನಾನು ಕೊನೆಗೆ ಇಟ್ಟಿದ್ದೆ. ಏಜೆಂಟನ "ಪಾರ್ಟಿ" ಎಂಬ ಮಾತು ನನ್ನ ಕಿವಿಯಲ್ಲಿ ಇತ್ತಲ್ಲ. ಒಂದು ರವಿವಾರ ಅವರೊಬ್ಬರೇ ಕೂತಿದ್ದಾಗ ಎದುರು ಹೋಗಿ ಕೂತು ನೇರವಾಗಿ ಕೇಳಿದೆ.

"ನಂಬಿಕಿ ಇಲ್ಲಂದ್ರ ಮಾರಿಬಿಡಬೇಕಿತ್ತಲ್ಲ, ಕಾಕಾ?"

ಅವರು ಚಮಚದಿಂದ ಸಾಂಬಾರು ಕದಡುತ್ತ, "ಯಾರಿಗೆ?" ಎಂದರು.

ಪ್ರಶ್ನೆಗೆ ಪ್ರಶ್ನೆಯನ್ನೇ ಉತ್ತರವಾಗಿ ಕೊಡುವುದು ಜಾರಿಕೊಳ್ಳುವವರ ಹಳೆಯ ವರಸೆ. ಹಾಗೆಂದೇ ಮನಸ್ಸಿನಲ್ಲಿ ಬರೆದುಕೊಂಡೆ.

ಅವರು ತೀರಿಕೊಂಡ ಕೆಲವು ವಾರಕ್ಕೆ ಅವರ ಹೆಂಡತಿ, ನಾವು ಕಾಕು ಎನ್ನುವವರು, ಫೋನು ಮಾಡಿ ಕರೆದರು. ಗಂಡನ ಹೆಸರಿನಲ್ಲಿದ್ದುದನ್ನೆಲ್ಲ ತಮ್ಮ ಹೆಸರಿಗೆ ಮಾಡಿಕೊಳ್ಳಲು ಅರ್ಜಿ ತುಂಬಬೇಕಿತ್ತು. ಮಧ್ಯಾಹ್ನ ಹೋದೆ. ಠೇವಣಿ, ಪಿಂಚಣಿ, ಗಾಡಿ ಎಲ್ಲ ಬರೆದಾಗಿತ್ತು. ಕೊನೆಯ ಸಾಲಿಗೆ ಬಂದು ಕಾಕು ಕನ್ನಡಕ ಏರಿಸಿಕೊಂಡರು.

"ಇದೊಂದು ಉಳೀತು ನೋಡವಾ, ಈ ಹೀಲಿಯಂ ಷೇರು. ಬೆಲೆ ಅಂತ ಕೇಳ್ಯಾರ. ಎಷ್ಟು ಬರೀಲಿ?"

"ಮೂರು ಬೆಲೆ ಅದಾವ ಕಾಕು. ಕಾಕಾ ಕೊಟ್ಟದ್ದು, ಕಂಪನಿ ಹೇಳೂದು, ಇವತ್ತ ಯಾರರೆ ತಗೊಂಡ್ರ ಅವರು ಕೊಡೂದು."

"ಅದ್ರಾಗ ಖರೇದು ಯಾವದು?"

"ತಗೊಳ್ಳೋರು ಕೊಡೂದು."

"ತಗೊಳ್ಳೋರ ಇಲ್ಲಂದ್ರ?"

"ಹಂಗಿದ್ರ ಸೊನ್ನಿ."

ಕಾಕು ಪೆನ್ನನ್ನು ಅರ್ಜಿಯ ಮೇಲೆ ಇಟ್ಟರು. "ಅವತ್ತೂ ಯಾರೂ ಇರಲಿಲ್ಲಂತ," ಎಂದರು.

"ಯಾವತ್ತು?"

"ನೀವೆಲ್ಲ ಸಂಭಾಜಿನಗರಕ್ಕ ಹೋದ್ರಲ್ಲ, ಅವತ್ತ. ನೀ ಹೋಟೆಲ್‌ನ್ಯಾಗ ಏನೋ ವಾದ ಮಾಡಿದಿಯಂತಲ್ಲ, ಅಲ್ಲಿಂದ ಅವರಿಗೆ ನಿದ್ದಿ ಇರಲಿಲ್ಲ. ಹೆದರಿಬಿಟ್ಟಿದ್ರು. ಗಿರಾಕಿ ಸಿಕ್ಕಾನ, ಅಂವ ತಿಳದವನ ಇದ್ದಾನ, ಇವತ್ತ ಮಾರೇ ಬರ್ತೀನಿ ಅಂತ ಹೇಳಿ ಹೋದ್ರು. ಸಂಜಿಕ್ಕ ಬಂದು ಚಪ್ಪಲಿ ಬಿಡ್ಲಿಕತ್ತಾಗ ಕೇಳ್ದೆ. ಗಿರಾಕಿ ಬರಲಿಲ್ಲ ಅಂದ್ರು. ಮುಂದ ಆ ಮಾತು ತಗೀಲೇ ಇಲ್ಲ."

ಹೋಗುವಾಗಲೂ ಬರುವಾಗಲೂ ಆ ಗಿರಾಕಿ ಕಾಕಾನ ಪಕ್ಕದ ಸೀಟಿನಲ್ಲೇ ಕೂತಿದ್ದರು. ವೈಜಾಪುರದಲ್ಲಿ ಅವರ ಚಹಾದ ದುಡ್ಡನ್ನೂ ಆ ಗಿರಾಕಿಯೇ ಕೊಟ್ಟಿದ್ದರು.

"ನೀನೂ ಇದ್ದೆಲ್ಲ," ಎಂದರು ಕಾಕು. "ಖರೇನ ಯಾರೂ ಬರಲಿಲ್ಲೇನು?"

"ಇಲ್ಲ ಕಾಕು," ಎಂದೆ. "ಯಾರೂ ಬರಲಿಲ್ಲ."

ಕಾಕು ತಲೆಯಾಡಿಸಿ, ಬೆಲೆಯ ಕಾಲಮ್ಮಿನಲ್ಲಿ ದುಂಡಗೆ ಒಂದು ಸೊನ್ನೆ ಬರೆದರು.